ಊರಿನ ಹೆಸರು ಯಾರ ಆಸ್ತಿ?

ಇವತ್ತು ದಾಂಡೇಲಿಯ ಮಾತು. ಕಾಳಿ ನದಿಯ ರಾಫ್ಟಿಂಗ್ ಬಗ್ಗೆ ಅಲ್ಲ, ಹುಲಿ ಬಗ್ಗೆಯೂ ಅಲ್ಲ. ‘ದಾಂಡೇಲಿ’ ಅನ್ನುವ ಪದದ ಬಗ್ಗೆ.

ಮೊಬೈಲ್‌ನಲ್ಲಿ ದಾಂಡೇಲಿ ಅಂತ ಹುಡುಕಿ ನೋಡಿ. ರೆಸಾರ್ಟು, ಹೋಮ್‌ಸ್ಟೇ, ಕ್ಯಾಂಪು ಸಾಲುಸಾಲು. ಹೆಸರುಗಳಲ್ಲಿ ತಿರುಗಾ ಮುರುಗಾ ಅವೇ ನಾಲ್ಕೈದು ಪದ: ದಾಂಡೇಲಿ, ಕಾಳಿ, ಹಾರ್ನ್‌ಬಿಲ್, ಜಂಗಲ್. ಜೋಯಿಡಾದಲ್ಲಿ ಎರಡು ಕೋಣೆ ಕಟ್ಟಿ ಹೋಮ್‌ಸ್ಟೇ ಮಾಡಿದವನು ಬೇರೆ ಏನಂತ ಹೆಸರಿಡಬೇಕು ಸ್ವಾಮಿ? ನಾಳೆ ದೊಡ್ಡ ಕಂಪನಿಯೊಂದು, ‘ಈ ಪದ ನಮ್ಮ ಟ್ರೇಡ್‌ಮಾರ್ಕ್, ನಿನ್ನ ವೆಬ್‌ಸೈಟ್ ಹೆಸರು ಬಿಟ್ಟುಕೊಡು’ ಅಂತ ವಕೀಲರ ನೋಟಿಸ್ ಕಳಿಸಿದರೆ? ಹೆದರಿ ಬಿಟ್ಟುಕೊಡಬೇಕಾ?

ಇದಕ್ಕೆ ನಮ್ಮ ಕರ್ನಾಟಕದ್ದೇ ಎರಡು ಕೇಸ್‌ಗಳಿವೆ, ಕೇಳಿ.

ಮೊದಲನೆಯದು ಸಿಫಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನೇ ಸೇರಿಸಿ ‘ಸಿಫಿ’ ಅನ್ನುವ ಹೊಸ ಪದ ಹುಟ್ಟಿಸಿತು, 1999ರಲ್ಲಿ ಡೊಮೈನ್ ಮಾಡಿಸಿತು. ಆಮೇಲೆ ಇನ್ನೊಂದು ಕಂಪನಿ ಒಂದು ‘ಎಫ್’ ಹೆಚ್ಚು ಹಾಕಿ ‘ಸಿಫಿನೆಟ್’ ಅಂತ ಶುರು ಮಾಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆ ಕೊಟ್ಟಿತು, ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 2004ರ ಮೇನಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರ ನಿಂತಿತು. ಡೊಮೈನ್ ಹೆಸರು ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತೂ ಹೌದು, ಇನ್ನೊಬ್ಬರ ಹೆಸರಿನ ನೆರಳಲ್ಲಿ ವ್ಯಾಪಾರ ಮಾಡುವಂತಿಲ್ಲ ಅಂತ. ಸರಿಯಾದ ತೀರ್ಪು. ಆದರೆ ಗಮನಿಸಿ, ಸಿಫಿ ಅನ್ನೋದು ಯಾವ ನಿಘಂಟಿನಲ್ಲೂ ಇಲ್ಲದ ಪದ. ಹುಟ್ಟಿಸಿದವರೇ ಅವರು.

ಎರಡನೆಯದು ನಂದಿನಿ. ಕೆಎಂಎಫ್ 1985ರಿಂದ ನಂದಿನಿ ಹಾಲು ಮಾರುತ್ತಿದೆ. 1989ರಿಂದ ‘ನಂದಿನಿ ಡಿಲಕ್ಸ್’ ಹೋಟೆಲ್. ಹೆಸರು ನಮ್ಮದು ಅಂತ ಕೆಎಂಎಫ್ ಜಗಳಕ್ಕೆ ಬಿತ್ತು, ಹೈಕೋರ್ಟ್‌ನಲ್ಲಿ ಗೆದ್ದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಏನಂತು? ನಂದಿನಿ ಅನ್ನೋದು ಪುರಾಣದ ಹಸು, ದೇವಿಯ ಹೆಸರು. ಯಾರೂ ಹುಟ್ಟಿಸಿದ್ದಲ್ಲ. ಹಾಲಿನ ವ್ಯಾಪಾರ ಬೇರೆ, ಹೋಟೆಲ್ ಬೇರೆ. ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಹೋಟೆಲ್‌ನವರೂ ಹೆಸರು ಇಟ್ಟುಕೊಳ್ಳಲಿ ಅಂತ.

ಅಂದರೆ ಅಂಗಡಿ ಬೀದಿಯಲ್ಲಿ ಇಬ್ಬರು ನಂದಿನಿಯರು ಬದುಕಬಹುದು. ಇಂಟರ್ನೆಟ್‌ನಲ್ಲಿ ಆಗಲ್ಲ! ಅಲ್ಲಿ ‘ನಂದಿನಿ ಡಾಟ್ ಕಾಂ’ ಒಂದೇ. ಜಗಳದ ಮೂಲ ಇದೇ. ಅಮೆರಿಕದಲ್ಲಿ ಉಜಿ ನಿಸ್ಸಾನ್ ಅನ್ನುವ ಕಂಪ್ಯೂಟರ್ ವ್ಯಾಪಾರಿ 1994ರಲ್ಲಿ ತನ್ನ ಮನೆತನದ ಹೆಸರಲ್ಲೇ ‘ನಿಸ್ಸಾನ್ ಡಾಟ್ ಕಾಂ’ ಮಾಡಿಸಿದ. ಕಾರಿನ ಕಂಪನಿ 1999ರಲ್ಲಿ ಕೋರ್ಟಿಗೆಳೆಯಿತು. ವರ್ಷಗಟ್ಟಲೆ ಹೋರಾಡಿ ಆತ ಹೆಸರು ಉಳಿಸಿಕೊಂಡ. ಆದರೆ ಆ ಖರ್ಚು ಜೋಯಿಡಾದ ಹೋಮ್‌ಸ್ಟೇಯವನು ತಡೆಯಬಲ್ಲನಾ?

ಅದಕ್ಕೇ ಹೇಳೋದು, ಕಾನೂನು ಗೊತ್ತಿರಲಿ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಪ್ರಕಾರ ಬರೀ ಊರಿನ ಹೆಸರನ್ನು, ಬರೀ ವರ್ಣನೆಯ ಪದವನ್ನು ಸುಮ್ಮನೆ ಯಾರ ಹೆಸರಿಗೂ ಬರೆದುಕೊಡುವಂತಿಲ್ಲ. ಬಹುಕಾಲದ ಬಳಕೆಯಿಂದ ಜನರ ಮನಸ್ಸಲ್ಲಿ ಅದು ಒಬ್ಬರದೇ ಗುರುತಾಗಿದ್ದರೆ ಮಾತ್ರ ಬೇರೆ ಮಾತು. 35ನೇ ಕಲಂ, ಪ್ರಾಮಾಣಿಕವಾಗಿ ನಿಮ್ಮ ಹೆಸರು, ನಿಮ್ಮ ವ್ಯಾಪಾರದ ಜಾಗದ ಹೆಸರು ಬಳಸೋದಕ್ಕೆ ರಕ್ಷಣೆ ಕೊಡುತ್ತೆ. ‘ಡಾಟ್ ಇನ್’ ವ್ಯಾಜ್ಯದಲ್ಲೂ ಹೆಸರು ಒಂದೇ ಥರ ಇದೆ ಅಂದರೆ ಸಾಲದು. ನಿಮಗೆ ಹಕ್ಕಿಲ್ಲ, ನಿಮ್ಮ ಉದ್ದೇಶ ಕೆಟ್ಟದ್ದು ಅಂತಲೂ ದೂರುದಾರ ತೋರಿಸಬೇಕು.

ಹಾಗಂತ ಪಕ್ಕದವನ ಹೋಮ್‌ಸ್ಟೇ ಹೆಸರಿಗೆ ಒಂದು ಅಕ್ಷರ ಸೇರಿಸಿ ಅವನ ಗಿರಾಕಿಗಳನ್ನು ಎಳೆಯೋದು ತಪ್ಪೇ. ಅದು ಸಿಫಿ ಕೇಸಿನ ಪಾಠ. ನಿಮ್ಮ ಮನೆಯದ್ದೋ, ಅಜ್ಜಿಯದ್ದೋ ಒಂದು ಹೆಸರನ್ನು ಊರಿನ ಹೆಸರಿಗೆ ಜೋಡಿಸಿ, ಡೊಮೈನ್ ನಿಮ್ಮದೇ ಹೆಸರಲ್ಲಿ ನೋಂದಾಯಿಸಿ, ವರ್ಷವರ್ಷ ದುಡ್ಡು ಕಟ್ಟೋದು ಮರೆಯಬೇಡಿ. ನೋಟಿಸ್ ಬಂದರೆ ಸುಮ್ಮನಿರಬೇಡಿ, ವಕೀಲರ ಕೈಲಿ ಉತ್ತರ ಕೊಡಿಸಿ. ನೋಟಿಸ್ ಅಂದರೆ ತೀರ್ಪಲ್ಲ.

ಕಾಳಿ ಯಾರಪ್ಪನ ಮನೆ ಆಸ್ತಿಯೂ ಅಲ್ಲ, ದಾಂಡೇಲಿ ಅನ್ನುವ ಪದವೂ ಅಲ್ಲ. ಅಲ್ಲಿ ಬಾಳುವವರೆಲ್ಲ ಅದನ್ನು ಬಳಸಲಿ.