ತೊಟ್ಟಿಲ ಪಕ್ಕದ ಚಿತ್ರಗಾರ್ತಿ

ಮಗುವನ್ನು ಎತ್ತಿಕೊಂಡ ತಾಯಿಯ ಚಿತ್ರಗಳನ್ನು ನೀವು ಎಷ್ಟೋ ನೋಡಿರುತ್ತೀರಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಯಶೋದೆ ಇದ್ದಾಳೆ, ಯೂರೋಪಿನ ಇಗರ್ಜಿಗಳಲ್ಲಿ ಮೇರಿ ಇದ್ದಾಳೆ. ಅವುಗಳಲ್ಲಿ ಬಹುಪಾಲು ಗಂಡಸರು ಬರೆದವು. ಹೆಂಗಸೊಬ್ಬಳು ಕುಂಚ ಹಿಡಿದು ತಾಯಿಯನ್ನು ಬರೆದರೆ ಅದರ ಹಿಂದೆ ಏನೇನಿರುತ್ತದೆ ಎಂಬುದಕ್ಕೆ ಒಂದು ಚಿತ್ರದ ಕಥೆ ಹೇಳುತ್ತೇನೆ.

ಚಿತ್ರದ ಹೆಸರು 'ತೊಟ್ಟಿಲು'. 1872ರಲ್ಲಿ ಬರೆದವಳು ಫ್ರಾನ್ಸಿನ ಬರ್ತ್ ಮೊರಿಸೊ. ತೆಳ್ಳನೆಯ ಪರದೆಯೊಳಗೆ ಕೂಸು ನಿದ್ರಿಸುತ್ತಿದೆ. ತಾಯಿ ಒಂದು ಕೈಯನ್ನು ಕೆನ್ನೆಗೆ ಆನಿಸಿ, ಇನ್ನೊಂದರಿಂದ ಪರದೆ ಹಿಡಿದು, ಅದನ್ನೇ ನೋಡುತ್ತಿದ್ದಾಳೆ. ವಾತ್ಸಲ್ಯವೆಂದರೆ ಇದು ಎನ್ನುತ್ತಾರೆ ನೋಡಿದವರು. ನಿಜವೇ. ಆದರೆ ಆ ತಾಯಿ ಯಾರು ಗೊತ್ತೆ?

ಬರ್ತಳ ಅಕ್ಕ ಎಡ್ಮಾ. ಆಕೆಯೂ ಚಿತ್ರಗಾರ್ತಿ. ಅಕ್ಕತಂಗಿಯರು ಜೊತೆಯಾಗಿ ಕಲಿತವರು. ಲೂವ್ರ್ ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳ ಪ್ರತಿ ಮಾಡಿದವರು. ಕೊರೊನಂಥ ಹಿರಿಯನಿಂದ ಪಾಠ ಹೇಳಿಸಿಕೊಂಡವರು. 1864ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಮಹಾಪ್ರದರ್ಶನಕ್ಕೆ ಇಬ್ಬರ ಚಿತ್ರಗಳೂ ಆಯ್ಕೆಯಾದವು. ಸುಮಾರು 1865ರಲ್ಲಿ ಎಡ್ಮಾ ತಂಗಿಯ ಚಿತ್ರ ಬರೆದಳು: ಬರ್ತ್ ಚಿತ್ರದ ಹಲಗೆಯೆದುರು ನಿಂತು ಕೆಲಸದಲ್ಲಿ ಮುಳುಗಿದ್ದಾಳೆ. ಏಳು ವರ್ಷ ಕಳೆದು ತಂಗಿ ಅಕ್ಕನನ್ನು ಬರೆದಾಗ, ಅಕ್ಕನ ಮುಂದೆ ಇದ್ದದ್ದು ಹಲಗೆಯಲ್ಲ, ತೊಟ್ಟಿಲು.

ನಡುವೆ ನಡೆದದ್ದು ಇಷ್ಟೆ. 1869ರಲ್ಲಿ ಎಡ್ಮಾಳಿಗೆ ನೌಕಾದಳದ ಅಧಿಕಾರಿಯೊಡನೆ ಮದುವೆಯಾಯಿತು. ದೂರದ ಬಂದರು ಊರಿಗೆ ಹೋದಳು. ಚಿತ್ರ ಬರೆಯುವುದು ಬಹುಮಟ್ಟಿಗೆ ನಿಂತಿತು. ಅಲ್ಲಿಂದ ತಂಗಿಗೆ ಬರೆದ ಕಾಗದಗಳಲ್ಲಿ ಚಿತ್ರಶಾಲೆಯದೇ ಹಂಬಲ. ಗಮನಿಸಿ, ಕೂಸು ಹುಟ್ಟುವ ಮೊದಲೇ ಕುಂಚ ಕೆಳಗಿಳಿದಿತ್ತು. ಮಗುವೇ ಕಲೆಗೆ ಅಡ್ಡಿ ಎಂದು ತೀರ್ಪು ಕೊಡುವವರು ಈ ತಾರೀಖನ್ನು ನೋಡಬೇಕು.

ಹೆಂಗಸರು ತಾಯಿಮಕ್ಕಳನ್ನೇ ಏಕೆ ಬರೆಯುತ್ತಿದ್ದರು? ಸಹಜ ಮಮತೆಯೆಂದು ವಿಮರ್ಶಕರು ಹೊಗಳುತ್ತಿದ್ದರು. ಆದರೆ ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆಯ ಬಾಗಿಲು ಹೆಂಗಸರಿಗೆ ತೆರೆದದ್ದು 1897ರಲ್ಲಿ. ಗೆಳೆಯರಾದ ಗಂಡಸರು ಬರೆಯುತ್ತಿದ್ದ ಕಾಫಿಗೃಹಗಳಿಗೆ ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಒಬ್ಬಳೇ ಹೋಗುವಂತಿರಲಿಲ್ಲ. ಉಳಿದದ್ದು ಮನೆಯ ಒಳಗು, ಹಿತ್ತಲು, ಅಕ್ಕ, ಅಕ್ಕನ ಮಗು. ಇನ್ನು ಮಮತೆಯ ಮಾತೆಂದರೆ, ತಾಯಿಮಕ್ಕಳ ಚಿತ್ರಗಳಿಗೇ ಹೆಸರಾದ ಮೇರಿ ಕ್ಯಾಸಟ್ ಮದುವೆಯನ್ನೇ ಆಗಲಿಲ್ಲ!

ಬರ್ತ್ ಮದುವೆಯಾದದ್ದು 1874ರ ಕೊನೆಯಲ್ಲಿ, ಮೂವತ್ತಮೂರನೆಯ ವಯಸ್ಸಿಗೆ. ಗಂಡ ಯೂಜೆನ್, ಚಿತ್ರಗಾರ ಎದ್ವಾರ್ ಮಾನೆಯ ತಮ್ಮ. ಮಗಳು ಜೂಲಿ ಹುಟ್ಟಿದ್ದು 1878ರ ನವೆಂಬರಿನಲ್ಲಿ. ಇಂಪ್ರೆಷನಿಸ್ಟರು ನಡೆಸಿದ ಎಂಟು ಪ್ರದರ್ಶನಗಳಲ್ಲಿ ಆಕೆ ತಪ್ಪಿಸಿದ್ದು ಒಂದನ್ನೇ, 1879ರದನ್ನು. ಮರುವರ್ಷ ಮತ್ತೆ ಬಂದಳು. ಹೇಗೆ ಸಾಧ್ಯವಾಯಿತು? ಅನುಕೂಲಸ್ಥರ ಮನೆ, ಹೆಂಡತಿಯ ಕೆಲಸಕ್ಕೆ ಒತ್ತಾಸೆಯಾಗಿ ನಿಂತ ಗಂಡ, ಮತ್ತು ಒಬ್ಬ ದಾದಿ. ಜೂಲಿಗೆ ಹಾಲೂಡಿಸುತ್ತಿರುವ ಆ ದಾದಿಯನ್ನೇ ಬರ್ತ್ ಚಿತ್ರಿಸಿದ್ದಾಳೆ. ನನಗೆ 'ತೊಟ್ಟಿಲಿ'ಗಿಂತ ಇದೇ ಹೆಚ್ಚು ದಿಟವಾದ ಚಿತ್ರ. ಕೂಲಿಗೆ ಹಾಲೂಡಿಸುವ ಹೆಣ್ಣು ಒಬ್ಬಳು, ಎದುರಿಗೆ ಬಣ್ಣ ಕಲಸುತ್ತ ನಿಂತ ತಾಯಿ ಇನ್ನೊಬ್ಬಳು, ಇಬ್ಬರೂ ದುಡಿಯುತ್ತಿದ್ದಾರೆ. ಮುಂದೆ ಆಕೆ, ತೋಟದಲ್ಲಿ ಕುಳಿತ ಗಂಡ ಮತ್ತು ಆಡುತ್ತಿರುವ ಮಗಳನ್ನೂ ಬರೆದಳು. ಮಗುವಿನ ಬಳಿ ತಂದೆ ಕುಳಿತಿರುವ ಚಿತ್ರಗಳು ಎಷ್ಟು ಅಪರೂಪವೆಂದು ನೀವೇ ಎಣಿಸಿ ನೋಡಿ.

1895ರಲ್ಲಿ, ಕಾಯಿಲೆಬಿದ್ದ ಮಗಳ ಶುಶ್ರೂಷೆಯಲ್ಲಿದ್ದಾಗ ತಗುಲಿದ ಜ್ವರದಿಂದಲೇ ಬರ್ತ್ ತೀರಿಕೊಂಡಳು. ಮರಣಪತ್ರದಲ್ಲಿ ಆಕೆಗೆ ಯಾವ ಉದ್ಯೋಗವೂ ಇಲ್ಲವೆಂದು ಬರೆದರು.

'ತೊಟ್ಟಿಲು' 1874ರ ಪ್ರದರ್ಶನದಲ್ಲಿ ಮಾರಾಟವಾಗಲಿಲ್ಲ. ಮನೆಯವರಲ್ಲಿಯೇ ಉಳಿದು, 1930ರಲ್ಲಿ ಲೂವ್ರ್ ಅದನ್ನು ಕೊಂಡಿತು. ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ.