ಸಂತ ಸಿಸಿಲಿಯಮ್ಮನವರ ಹಬ್ಬದ ಪ್ರಬೋಧನೆ



ಗಾಯಕರ ಪಾಲಕಿಯ ಈ ಹಬ್ಬದಂದು ಲೊರೆಂಜೊ ಪೆರೋಸಿ ಸ್ವಾಮಿಯವರನ್ನು ನೆನೆಯೋಣ. 1872ರಲ್ಲಿ ಇಟಲಿಯ ತೊರ್ತೋನಾದಲ್ಲಿ ಹುಟ್ಟಿ, 1895ರಲ್ಲಿ ಗುರುಗಳಾದರು. 1898ರಲ್ಲಿ ವ್ಯಾಟಿಕನ್ನಿನ ಸಿಸ್ಟೈನ್ ಗಾನವೃಂದದ ಹೊಣೆ ಹೊತ್ತರು. 1903ರ ಇದೇ ನವೆಂಬರ್ 22ರಂದು, ಪೂಜೆಯ ಸಂಗೀತ ನಾಟಕದ ಹಾಡಿನಂತಾಗಬಾರದೆಂದು ಜಗದ್ಗುರು ಹತ್ತನೇ ಪಯಸ್‌ರವರು ಅಪ್ಪಣೆ ಕೊಟ್ಟಾಗ, ಆ ಕೆಲಸಕ್ಕೆ ಹೆಗಲು ಕೊಟ್ಟವರು ಇವರೇ. 1922ರಲ್ಲಿ ಮನಸ್ಸಿನ ಕಾಯಿಲೆ ಅವರನ್ನು ಕುಗ್ಗಿಸಿತು. ಆದರೂ ಧರ್ಮಸಭೆ ಅವರ ಸ್ಥಾನ ಕಸಿಯಲಿಲ್ಲ; 1956ರಲ್ಲಿ ದೈವಾಧೀನರಾಗುವವರೆಗೂ ಅವರೇ ನಿರ್ದೇಶಕರು. ಸ್ವರ ತಪ್ಪಿದವರನ್ನು ಗಾನವೃಂದದಿಂದ ಬಿಡುವುದಾದರೋ ಎಷ್ಟು ಸುಲಭ!

1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಬಲಿಪೂಜೆಯನ್ನು ಜನರ ಮಾತಿಗೆ ತೆರೆಯಿತು. ನಮ್ಮ ಕ್ಯಾತಗಾನಚೆರ್ಲು ಕಡೆ ಕನ್ನಡದ ಜೊತೆ ತೆಲುಗೂ ಮನೆಮಾತು. ಈ ಕ್ರಿಸ್ಮಸ್ಸಿಗೆ ಹೊಸ ಕೀಬೋರ್ಡು ಕೊಳ್ಳುವ ಮೊದಲು, ಹಿಂದೆ ಸುಮ್ಮನೆ ಕೂರುವ ಅಜ್ಜಿಗೆ ಒಂದು ಪಲ್ಲವಿ ಕಲಿಸೋಣವೇ?