ಕೇಳುವ ದಾರಿಯ ಅಳತೆ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಗಂಟೆ ಎಲ್ಲರಿಗೂ ಒಂದೇ. ಆದರೂ ಅದರ ನಾದವು ಎಲ್ಲರ ಮಿದುಳನ್ನೂ ಒಂದೇ ಕಾಲಕ್ಕೆ ಮುಟ್ಟುವುದಿಲ್ಲ. (ಗಂಟೆಯಾದರೂ ಕೆಲವರು ಅಂಗಳದಿಂದ ಕದಲದಿರುವುದಕ್ಕೆ ಕಾರಣವೇ ಬೇರೆ, ಅದನ್ನು ನಾವಿಂದು ವಿಚಾರಿಸುವುದಿಲ್ಲ.)

ಕಿವಿಯಿಂದ ಹೊರಟ ಸಂದೇಶವು ಶ್ರವಣನರದ ಮೂಲಕ ಮಿದುಳಿನ ಕಾಂಡವನ್ನು ಹಾದು ಮೇಲೇರುತ್ತದೆ. ಹಣೆಗೂ ಕಿವಿಯ ಹಿಂದೆಯೂ ತಂತಿಗಳನ್ನು ಅಂಟಿಸಿ, ಕಿವಿಯಲ್ಲಿ 'ಟಕ್' ಎಂಬ ಸದ್ದನ್ನು ಸಾವಿರಾರು ಸಲ ಮಾಡಿ, ಆ ಸಂದೇಶದ ವಿದ್ಯುತ್ತನ್ನು ಅಳೆಯುವರು. ಅದು ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ! ವೈದ್ಯರು ಇದನ್ನು 'ಬೆರಾ' ಪರೀಕ್ಷೆಯೆನ್ನುತ್ತಾರೆ. 1971ರಲ್ಲಿ ಅಮೇರಿಕೆಯ ಜ್ಯೂವೆಟ್, ವಿಲ್ಲಿಸ್ಟನ್ ಎಂಬವರು ಇದರ ಅಲೆಗಳನ್ನು ವಿವರಿಸಿ ಅಂಕೆಯಿಟ್ಟರು. ಸದ್ದು ಜೋರಾಗಿದ್ದರೆ ಪ್ರೌಢರಲ್ಲಿ ಐದನೆಯ ಅಲೆಯು ಸುಮಾರು 5.5ರಿಂದ 6 ಮಿಲಿಸೆಕೆಂಡುಗಳಲ್ಲಿ ಏಳುತ್ತದೆ.

ಸ್ತ್ರೀಯರಲ್ಲಿ ಈ ಅಲೆಯು ಸರಾಸರಿ 0.2 ಮಿಲಿಸೆಕೆಂಡಿನಷ್ಟು ಮುಂಚಿತವಾಗಿ, ಹೆಚ್ಚು ಎತ್ತರವಾಗಿ ಕಾಣುತ್ತದೆ. ಅವರ ತಲೆ ಸಾಮಾನ್ಯವಾಗಿ ಚಿಕ್ಕದು; ದಾರಿ ಚಿಕ್ಕದಾದಷ್ಟು ಸಂದೇಶ ಬೇಗ ತಲಪುವುದು. ಒಳಗಿವಿಯ ಶಂಖದ ನಾಳವೂ ಅವರಲ್ಲಿ ತುಸು ಗಿಡ್ಡ. ತಲೆಯ ಅಳತೆಯೊಂದರಿಂದಲೇ ಅಂತರವೆಲ್ಲ ಬಗೆಹರಿಯದೆಂದು ಹಲವು ಪರೀಕ್ಷಕರು ಕಂಡಿದ್ದಾರೆ. ಇದರಿಂದ ಬುದ್ಧಿಯ ಹೆಚ್ಚುಕಡಿಮೆಯನ್ನು ಅಳೆಯಹೊರಟವರಿಗೆ ಇಲ್ಲಿ ಏನೂ ಸಿಕ್ಕದು.

ಹಾಗಾದರೆ ಎಳೆಗೂಸಿನಲ್ಲಿ ಎಲ್ಲರಿಗಿಂತ ಬೇಗ ಏಳಬೇಕಲ್ಲವೇ? ಇಲ್ಲ, ಅದರಲ್ಲಿ ಸುಮಾರು 7 ಮಿಲಿಸೆಕೆಂಡು ಹಿಡಿಯುತ್ತದೆ. ನರಗಳ ಮೇಲಿನ ಹೊದಿಕೆ ಇನ್ನೂ ಬಲಿತಿರುವುದಿಲ್ಲ. ಸುಮಾರು ಎರಡು ವರ್ಷಗಳ ಹೊತ್ತಿಗೆ ಅದು ದೊಡ್ಡವರ ಸಮಕ್ಕೆ ಬರುತ್ತದೆ.

ಇಷ್ಟು ಸೂಕ್ಷ್ಮ ಲೆಕ್ಕವೇಕೆ? ಶ್ರವಣನರದ ಮೇಲೆ ಗಂಟು ಬೆಳೆದಾಗ ಅಲೆ ತಡವಾಗುತ್ತದೆ. ಪುರುಷರ ಅಳತೆಗೋಲಿನಿಂದ ನೋಡಿದರೆ ಹೆಂಗಸಿನ ರೋಗವು ಆರೋಗ್ಯದಂತೆ ತೋರಬಹುದು. ಸ್ತ್ರೀಯರ ಅಳತೆಯಿಂದ ದೊಡ್ಡ ತಲೆಯ ಗಂಡಸು ವೃಥಾ ಹೆದರಬೇಕಾದೀತು. ಆದುದರಿಂದ ಸ್ತ್ರೀಪುರುಷರಿಗೂ ವಯೋಮಾನಕ್ಕೂ ಬೇರೆ ಬೇರೆ ಪ್ರಮಾಣಗಳು ಬೇಕು.

ಪಾಲಕರಲ್ಲಿ ನಮ್ಮ ವಿನಂತಿಯೊಂದುಂಟು. ಮಗು ಮಾತಾಡದಿದ್ದರೆ "ಇವನ ಅಜ್ಜನೂ ತಡವಾಗಿಯೇ ಮಾತಾಡಿದ" ಎನ್ನುವರು; ಹುಡುಗಿಯಾದರೆ "ನಾಚಿಕೆಯವಳು" ಎನ್ನುವರು. ತಾಟು ಬಡಿದು ನೋಡುವುದು ಪರೀಕ್ಷೆಯಲ್ಲ. ಕಿವುಡು ಮಗುವೂ ನಿಮ್ಮ ಕೈಯಾಡುವುದನ್ನು ಕಂಡು ತಿರುಗೀತು. ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಚಾರ ಆಗಬೇಕೆಂಬುದು ತಜ್ಞರ ಮತ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ಈ ಕಾರ್ಯ ನಡೆಸಿದೆ. ಬಿದ್ರಿಯವರಿಗೆ ಮೈಸೂರು ದೂರವಾದರೂ ಕೊಲ್ಲಾಪುರ ದೂರವಲ್ಲ. ಅಲ್ಲಿಯ ಕಿವಿಯ ವೈದ್ಯರಲ್ಲಿ ವಿಚಾರಿಸಿರಿ. ಪರೀಕ್ಷೆಯಲ್ಲಿ ನೋವಿಲ್ಲ. ಮಗು ಮಲಗಿರುವಾಗಲೇ ನಡೆಯುವುದರಿಂದ, ದಾರಿಯಲ್ಲಿ ಅದನ್ನು ಎಚ್ಚರವಾಗಿಟ್ಟು, ಅಲ್ಲಿಗೆ ಹೋದಮೇಲೆ ಹಾಲೂಡಿಸಿ ಮಲಗಿಸಿರಿ.